ಗ್ಯಾಸ್ ಗೀಸರಿಗೆ ಇಂಧನದ ಸಂಪರ್ಕ: ರಬ್ಬರ್ ಪೈಪೋ, ತಾಮ್ರದ ಕೊಳವೆಯೋ, ಬೀದಿಯಿಂದ ಬರುವ ಅನಿಲವೋ?

ಅಂಗಡಿಗೆ ಹೋಗಿ ಗ್ಯಾಸ್ ಗೀಸರ್ ಕೊಳ್ಳುವವರು ಸಾಮಾನ್ಯವಾಗಿ ಎರಡು ಸಂಗತಿಗಳನ್ನು ವಿಚಾರಿಸುತ್ತಾರೆ: ನಿಮಿಷಕ್ಕೆ ಎಷ್ಟು ಲೀಟರ್ ಬಿಸಿನೀರು ಬರುತ್ತದೆ, ಬೆಲೆ ಎಷ್ಟು. ಆ ಗೀಸರಿಗೆ ಗ್ಯಾಸ್ ಎಲ್ಲಿಂದ, ಯಾವ ಹಾದಿಯಲ್ಲಿ, ಎಂಥ ಕೊಳವೆಯೊಳಗಿಂದ ಬರಬೇಕು ಎಂಬ ಮೂರನೆಯ ಪ್ರಶ್ನೆಯನ್ನು ಅಂಗಡಿಯಲ್ಲಿ ಯಾರೂ ಎತ್ತುವುದಿಲ್ಲ. ಅದನ್ನು ಕೂರಿಸಲು ಬಂದ ಪ್ಲಂಬರ್, ತಮ್ಮ ಚೀಲದಲ್ಲಿ ಆ ದಿನ ಏನಿದೆಯೋ ಅದನ್ನು ನೋಡಿ, ಅರ್ಧ ಗಂಟೆಯಲ್ಲಿ ತೀರ್ಮಾನಿಸಿಬಿಡುತ್ತಾರೆ. ಮುಂದಿನ ಹತ್ತು ವರ್ಷ ಮನೆಯವರು ಬದುಕಬೇಕಾದದ್ದು ಆ ಅರ್ಧ ಗಂಟೆಯ ತೀರ್ಮಾನದೊಂದಿಗೆ. ಆದ್ದರಿಂದ ಇಲ್ಲಿ ಗೀಸರಿನ ಬ್ರಾಂಡುಗಳನ್ನು ಹೋಲಿಸುವ ಬದಲು, ಅದಕ್ಕೆ ಗ್ಯಾಸ್ ಒದಗಿಸುವ ದಾರಿಗಳನ್ನು ಹೋಲಿಸಲಾಗಿದೆ.

ನಮ್ಮ ಹಳೆಯ ಮನೆಗಳ ಬಚ್ಚಲಲ್ಲಿ ಹಂಡೆಯ ಒಲೆ ಉರಿಯುತ್ತಿದ್ದಾಗ ಹೊಗೆ ಕಣ್ಣಿಗೆ ಕಾಣುತ್ತಿತ್ತು, ಮೂಗಿಗೆ ಹತ್ತುತ್ತಿತ್ತು. ಹೆಂಚಿನ ಸಂದಿಯಿಂದಲೋ ಗವಾಕ್ಷಿಯಿಂದಲೋ ಅದು ಹೊರಗೆ ಹೋಗುತ್ತಿತ್ತು. ಗ್ಯಾಸ್ ಗೀಸರಿನ ಹೊಗೆ ಕಾಣುವುದಿಲ್ಲ, ಬಚ್ಚಲಿಗೆ ಈಗ ಹೆಂಚೂ ಇಲ್ಲ. ಸಂಪರ್ಕದ ಮಾತಿಗೆ ಬರುವ ಮೊದಲು ಈ ಕಾಣದ ಹೊಗೆಯ ಲೆಕ್ಕವನ್ನು ನೋಡಲೇಬೇಕು. ಯಾವ ಕೊಳವೆ ಸರಿ ಎಂಬುದು ಗೀಸರ್ ಎಲ್ಲಿ ತೂಗುತ್ತದೆ ಎಂಬುದನ್ನು ಅವಲಂಬಿಸಿದೆ, ಅದು ಎಲ್ಲಿ ತೂಗಬೇಕು ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ.

ಗೀಸರಿನ ಹಸಿವು

ನಿಮಿಷಕ್ಕೆ ಆರು ಲೀಟರ್ ಕೊಡುವ ಸಾಮಾನ್ಯ ಗೀಸರ್ ನೀರಿನ ಬಿಸಿಯನ್ನು 25 ಡಿಗ್ರಿಯಷ್ಟು ಏರಿಸಬೇಕಾದರೆ ಗಂಟೆಗೆ 9,000 ಕಿಲೋಕ್ಯಾಲೊರಿ ಶಾಖ ನೀರಿಗೆ ಸೇರಬೇಕು. ಎಲ್‌ಪಿಜಿಯ ಒಂದು ಕಿಲೋಗ್ರಾಂ ಸುಮಾರು 11,000 ಕಿಲೋಕ್ಯಾಲೊರಿ ಕೊಡುತ್ತದೆ. ಅದರಲ್ಲಿ ಐದನೆಯ ಒಂದು ಭಾಗ ಹೊಗೆಯೊಂದಿಗೆ ಹೋಗುತ್ತದೆ ಎಂದಿಟ್ಟುಕೊಂಡರೆ, ಗೀಸರ್ ಗಂಟೆಗೆ ಒಂದು ಕಿಲೋ ಗ್ಯಾಸ್ ನುಂಗುವ ಯಂತ್ರವೆಂದಾಯಿತು. ಅಡುಗೆ ಒಲೆಯ ದೊಡ್ಡ ಬರ್ನರಿಗೆ ಹೋಲಿಸಿದರೆ ಇದು ಐದಾರು ಪಟ್ಟು. ಒಲೆಗೆ ಸಾಕಾಗುವ ವ್ಯವಸ್ಥೆ ಗೀಸರಿಗೂ ಸಾಕು ಎಂಬ ಊಹೆ ಇಲ್ಲಿಯೇ ಮುಗ್ಗರಿಸುತ್ತದೆ.

ಒಂದು ಕಿಲೋ ಎಲ್‌ಪಿಜಿ ಪೂರ್ತಿ ಉರಿಯಲು ಸುಮಾರು 12 ಘನಮೀಟರ್ ಗಾಳಿ ಬೇಕು. ಐದಡಿ ಅಗಲ, ಏಳಡಿ ಉದ್ದ, ಎಂಟಡಿ ಎತ್ತರದ ಬಚ್ಚಲಲ್ಲಿ ಇರುವ ಗಾಳಿ 8 ಘನಮೀಟರಿಗಿಂತ ಸ್ವಲ್ಪ ಕಡಿಮೆ. ಬಾಗಿಲು ಕಿಟಕಿ ಮುಚ್ಚಿಕೊಂಡು ಹತ್ತು ನಿಮಿಷ ಗೀಸರ್ ಉರಿಸಿದರೆ ಕೋಣೆಯ ಗಾಳಿಯ ನಾಲ್ಕನೆಯ ಒಂದು ಭಾಗ ಬರ್ನರಿನೊಳಗೆ ಹಾದುಹೋಗಿ, ಆಮ್ಲಜನಕ ಕಳೆದುಕೊಂಡು ಅದೇ ಕೋಣೆಗೆ ಮರಳುತ್ತದೆ. ಒಬ್ಬರ ಹಿಂದೆ ಒಬ್ಬರು ಸ್ನಾನಕ್ಕೆ ಹೋದರೆ ಅದು ಅರ್ಧಕ್ಕೆ ಏರುತ್ತದೆ. ಆಮ್ಲಜನಕ ಇಳಿದಂತೆ ಉರಿ ಅರೆಬೆಂದು ಕಾರ್ಬನ್ ಮಾನಾಕ್ಸೈಡನ್ನು ಕಾರತೊಡಗುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ಸ್ನಾನ ಮಾಡುತ್ತಿರುವವರಿಗೆ ತಲೆಸುತ್ತು, ಓಕರಿಕೆ, ಕಾಲಿನಲ್ಲಿ ಶಕ್ತಿಯಿಲ್ಲದಂತಾಗುವುದು, ಎಲ್ಲವೂ ಬಿಸಿನೀರಿನ ಹಬೆಯಿಂದ ಎಂದೇ ತೋರುತ್ತದೆ.

ಉರಿ ಆರಿದರೆ ಗ್ಯಾಸನ್ನು ನಿಲ್ಲಿಸುವ ಸಾಧನವೂ, ಇಪ್ಪತ್ತು ನಿಮಿಷಕ್ಕೆ ತಾನೇ ನಿಲ್ಲುವ ಟೈಮರೂ ಇಂದಿನ ಬಹುತೇಕ ಗೀಸರುಗಳಲ್ಲಿವೆ. ಆದರೆ ಉರಿ ಆರದೆ, ಇಪ್ಪತ್ತು ನಿಮಿಷದ ಒಳಗೇ ಕೋಣೆ ಕೆಡುವ ಸಂದರ್ಭದಲ್ಲಿ ಇವೆರಡೂ ಏನೂ ಮಾಡಲಾರವು. ಆಮ್ಲಜನಕ ಇಳಿದಾಗ ನಿಲ್ಲಿಸುವ ಸೆನ್ಸರ್ ಕೆಲವು ಮಾದರಿಗಳಲ್ಲಿ ಮಾತ್ರ ಇರುತ್ತದೆ. ಹೊಗೆಕೊಳವೆ ಇಲ್ಲದ ಗೀಸರನ್ನು ಬಚ್ಚಲೊಳಗೆ ಕೂರಿಸುವುದು ಆಯ್ಕೆಗಳಲ್ಲಿ ಒಂದಲ್ಲವೇ ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಯುಟಿಲಿಟಿ, ತೆರೆದ ಬಾಲ್ಕನಿ, ಹಿತ್ತಿಲ ಗೋಡೆ, ಹೊರಗಿನ ಪ್ಯಾಸೇಜ್, ಇವು ಗೀಸರಿನ ಜಾಗಗಳು. ನೀರಿನ ಪೈಪು ಉದ್ದವಾದರೆ ಮೊದಲ ಒಂದೆರಡು ಚೊಂಬು ತಣ್ಣೀರು ಬರುತ್ತದೆ, ಅಷ್ಟೇ ನಷ್ಟ. ಉದ್ದ ಹೋಗಬೇಕಾದದ್ದು ನೀರು. ಗ್ಯಾಸಾಗಲಿ ಹೊಗೆಯಾಗಲಿ ಅಲ್ಲ.

ಬಚ್ಚಲ ನೆಲ ಉಳಿದ ಕೋಣೆಗಳಿಗಿಂತ ಒಂದೆರಡು ಇಂಚು ತಗ್ಗಿನಲ್ಲಿರುವುದು ನಮ್ಮಲ್ಲಿ ರೂಢಿ. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ನೀರಿನಂತೆ ತಗ್ಗಿಗೆ ಹರಿದು ನಿಲ್ಲುತ್ತದೆ, ಮೋರಿಯೊಳಗೂ ಇಳಿಯುತ್ತದೆ. ಗಾಳಿಯಲ್ಲಿ ಅದರ ಪಾಲು ನೂರಕ್ಕೆ ಎರಡರಷ್ಟಾದರೂ ಸ್ವಿಚ್ಚಿನ ಒಂದು ಕಿಡಿ ಸಾಕು. ಹೀಗಾಗಿ ಸಿಲಿಂಡರನ್ನು ಬಚ್ಚಲೊಳಗೆ ಇಡುವುದು ಗೀಸರನ್ನು ಒಳಗೆ ಇಡುವುದಕ್ಕಿಂತಲೂ ಕೆಟ್ಟ ಯೋಚನೆ.

ಗೀಸರಿಗೆಂದೇ ಒಂದು ಸಿಲಿಂಡರ್, ಒಂದು ರಬ್ಬರ್ ಪೈಪು

ಅತ್ಯಂತ ಸರಳವಾದ ಸಂಪರ್ಕ ಇದು. ಹೊರಗೋಡೆಯಲ್ಲಿ ಗೀಸರ್, ಅದರ ಪಕ್ಕಕ್ಕೆ ಸಮತಟ್ಟಾದ ನೆಲದ ಮೇಲೆ ನೆಟ್ಟಗೆ ನಿಂತ 14.2 ಕಿಲೋ ಸಿಲಿಂಡರ್, ನಡುವೆ ಒಂದೇ ಪೈಪು. ಕೀಲುಗಳು ಎರಡೇ ಇರುವುದರಿಂದ ಸೋರುವ ಸ್ಥಳಗಳೂ ಎರಡೇ, ಎರಡೂ ಕಣ್ಣೆದುರಿಗಿರುತ್ತವೆ. ಖರ್ಚಿನಲ್ಲಿಯೂ ಇದೇ ಕಡಿಮೆ. ನಾಲ್ಕು ವರ್ಷದಲ್ಲಿ ಮನೆ ಬದಲಿಸುವ ಬಾಡಿಗೆದಾರರಿಗೆ, ಹೊರಗೆ ಜಾಗವೊಂದಿದ್ದರೆ, ಇದಕ್ಕಿಂತ ಉತ್ತಮವಾದದ್ದು ಬೇಕಿಲ್ಲ.

ಪೈಪು ಮಾತ್ರ ಐಎಸ್ 9573 ಗುರುತಿನದ್ದೇ ಆಗಿರಬೇಕು. ಗ್ಯಾಸ್ ಏಜೆನ್ಸಿಗಳು ‘ಸುರಕ್ಷಾ’ ಪೈಪ್ ಎಂದು ಕೊಡುವ ಕಿತ್ತಳೆ ಬಣ್ಣದ ಪೈಪಿನ ರಬ್ಬರಿನ ನಡುವೆ ಉಕ್ಕಿನ ತಂತಿಯ ಹೆಣಿಗೆ ಇರುತ್ತದೆ. ಇಲಿಯ ಹಲ್ಲಿಗೆ ಅದು ಸುಲಭವಾಗಿ ಬಗ್ಗುವುದಿಲ್ಲ. ಅದರ ಆಯಸ್ಸು ಐದು ವರ್ಷ, ತಯಾರಾದ ಕಾಲ ಪೈಪಿನ ಮೇಲೆಯೇ ಅಚ್ಚಾಗಿರುತ್ತದೆ. ಉದ್ದ ಒಂದೂವರೆ ಮೀಟರನ್ನು ಮೀರಬಾರದು. ಜಾಗ ಸಾಲದಿದ್ದಾಗ ಎರಡು ಪೈಪುಗಳನ್ನು ಹಿತ್ತಾಳೆಯ ತುಂಡಿನಿಂದ ಜೋಡಿಸುವುದು, ಗೋಡೆಗೆ ತೂತು ಕೊರೆದು ಅದರೊಳಗಿಂದ ತೂರಿಸುವುದು, ಕಿಟಕಿಯ ಬಾಗಿಲಿನ ಸಂದಿಯಲ್ಲಿ ಹಾಯಿಸುವುದು, ಈ ಮೂರನ್ನೂ ನಾನು ನೋಡಿದ್ದೇನೆ, ಮೂರೂ ತಪ್ಪು. ರಬ್ಬರ್ ಪೈಪು ತುದಿಯಿಂದ ತುದಿಯವರೆಗೆ ಕಾಣುತ್ತಿರಬೇಕು, ಗೀಸರಿನ ಬಿಸಿ ಹೊದಿಕೆಗೆ ತಾಗಬಾರದು, ಬಿಗಿಯಾಗಿ ಎಳೆದಂತೆಯೂ ಇರಬಾರದು. ಪೈಪಿನ ಬಾಯಿ ಬಿಗಿಯಾಗಿದೆಯೆಂದು ಬೆಂಕಿಗೆ ಹಿಡಿದು ಮೆದುವಾಗಿಸಿ ತುರುಕುವ ಪದ್ಧತಿಯೊಂದಿದೆ. ಹಾಗೆ ಸುಟ್ಟ ರಬ್ಬರು ವರ್ಷದೊಳಗೆ ಬಿರಿಯುತ್ತದೆ. ಎರಡೂ ತುದಿಗೆ ಸ್ಕ್ರೂ ಇರುವ ಕ್ಲಿಪ್ ಇರಲಿ. ತಂತಿ ಸುತ್ತಿ ಇಕ್ಕಳದಿಂದ ತಿರುಚಿದ್ದು ಕ್ಲಿಪ್ ಅಲ್ಲ.

ರೆಗ್ಯುಲೇಟರಿನ ಬಗ್ಗೆ ಒಂದು ಮಾತು. ಮನೆಬಳಕೆಯ ರೆಗ್ಯುಲೇಟರ್ ಗ್ಯಾಸನ್ನು ಚದರ ಸೆಂಟಿಮೀಟರಿಗೆ 30 ಗ್ರಾಂ ಒತ್ತಡಕ್ಕೆ, ಅಂದರೆ ಸುಮಾರು 30 ಮಿಲಿಬಾರಿಗೆ ಇಳಿಸಿ ಕೊಡುತ್ತದೆ. ಮನೆಬಳಕೆಯ ಗೀಸರುಗಳನ್ನು ರೂಪಿಸಿರುವುದು ಆ ಒತ್ತಡಕ್ಕೆ. ಬಿಸಿ ಸಾಲದು ಎಂದು ಹೋಟೆಲ್ ಒಲೆಗಳಿಗೆ ಬಳಸುವ, ತಿರುಪು ತಿರುಗಿಸಿ ಒತ್ತಡ ಏರಿಸಬಹುದಾದ ರೆಗ್ಯುಲೇಟರನ್ನು ಹಾಕುವವರಿದ್ದಾರೆ. ಆಗ ಉರಿ ಬರ್ನರಿನ ಮೇಲೆ ನಿಲ್ಲದೆ ಉದ್ದವಾಗಿ, ಹಳದಿಯಾಗಿ ಎದ್ದು, ನೀರು ಹರಿದು ಬಿಸಿಯಾಗುವ ತಾಮ್ರದ ಸುರುಳಿಯನ್ನು ಮಸಿಗಟ್ಟಿಸುತ್ತದೆ. ಮಸಿ ಗಾಳಿಯ ದಾರಿಯನ್ನು ಮುಚ್ಚುತ್ತದೆ. ಮುಚ್ಚಿದಷ್ಟೂ ವಿಷಾನಿಲ ಹೆಚ್ಚುತ್ತದೆ. ಬಿಸಿ ಸಾಲದಿರುವುದಕ್ಕೆ ಕಾರಣ ಬಹುತೇಕ ಖಾಲಿಯಾಗುತ್ತಿರುವ ಸಿಲಿಂಡರ್, ಇಲ್ಲವೇ ಗಟ್ಟಿ ನೀರಿನ ಸುಣ್ಣ ಕಟ್ಟಿದ ಸುರುಳಿ. ಒತ್ತಡ ಏರಿಸುವುದು ಎರಡಕ್ಕೂ ಮದ್ದಲ್ಲ.

ಈ ವ್ಯವಸ್ಥೆಯ ಕೊರತೆಯೆಂದರೆ, ಎರಡು ಸಿಲಿಂಡರಿನ ಸಂಪರ್ಕ ಇರುವ ಮನೆಯಲ್ಲಿ ಕಾಯ್ದಿರಿಸಿದ ಸಿಲಿಂಡರ್ ಗೀಸರಿನ ಪಾಲಾಗುತ್ತದೆ. ಒಲೆಯ ಸಿಲಿಂಡರ್ ಮುಗಿದ ದಿನ ಮನೆಯವರು ಗೀಸರಿನದ್ದನ್ನು ಬಿಚ್ಚುತ್ತಾರೆ, ಮರುದಿನ ಮತ್ತೆ ಜೋಡಿಸುತ್ತಾರೆ, ಹೀಗೆ ಬಿಚ್ಚಿ ಜೋಡಿಸುವಾಗಲೇ ಕವಾಟದೊಳಗಿನ ರಬ್ಬರ್ ವಾಷರ್ ಕೆಡುವುದು. ಎರಡನೆಯ ರೆಗ್ಯುಲೇಟರನ್ನು ಏಜೆನ್ಸಿಯಲ್ಲಿಯೇ ಕೇಳಬೇಕು. ಗುರುತಿಲ್ಲದ ಮಾಲನ್ನು ಸಂತೆಯಿಂದ ತರಬಾರದು.

ಒಲೆಯ ಪೈಪಿಗೆ ‘ಟಿ’ ಹಾಕಿ ಕವಲು ತೆಗೆಯುವುದು

ಇದನ್ನು ಆಯ್ಕೆಯೆಂದು ಇಲ್ಲಿ ಸೇರಿಸಿರುವುದು ಶಿಫಾರಸು ಮಾಡಲು ಅಲ್ಲ. ಹೆಚ್ಚು ಮನೆಗಳಲ್ಲಿ ಇದೇ ಇದೆ ಎಂಬ ಕಾರಣಕ್ಕೆ. ಅಡುಗೆಮನೆಯ ರಬ್ಬರ್ ಪೈಪನ್ನು ನಡುವೆ ಕತ್ತರಿಸಿ, ಹಿತ್ತಾಳೆಯ ‘ಟಿ’ ತುಂಡು ಸೇರಿಸಿ, ಒಂದು ಕವಲನ್ನು ಒಲೆಗೂ ಇನ್ನೊಂದನ್ನು ಗೀಸರಿಗೂ ಕೊಡುತ್ತಾರೆ. ಸೋರಬಹುದಾದ ಕೀಲುಗಳು ಎರಡರಿಂದ ಆರಕ್ಕೆ ಏರಿದುವೆಂಬುದು ಎಲ್ಲರಿಗೂ ತೋಚುವ ದೋಷ. ನನ್ನನ್ನು ಹೆಚ್ಚು ಹೆದರಿಸಿದ್ದು ಬೇರೆ.

ನಮ್ಮ ಮನೆಯಲ್ಲಿಯೇ ಹಿಂದೊಮ್ಮೆ ಇಂಥ ಜೋಡಣೆ ಇತ್ತು. ಬೆಳಿಗ್ಗೆ ಒಲೆಯ ಮೇಲೆ ಸಣ್ಣ ಉರಿಯಲ್ಲಿ ಹಾಲು ಇರುತ್ತಿತ್ತು. ಯಾರಾದರೂ ಬಚ್ಚಲಲ್ಲಿ ಬಿಸಿನೀರಿನ ನಲ್ಲಿ ತಿರುಗಿಸಿದ ಕ್ಷಣವೇ ಆ ಉರಿ ಸೊರಗಿ, ನೀಲಿ ಚುಕ್ಕೆಗಳಾಗಿ, ಒಮ್ಮೊಮ್ಮೆ ಪೂರ್ತಿ ನಂದುತ್ತಿತ್ತು. ಗೀಸರ್ ಒಮ್ಮೆಗೇ ಅಷ್ಟು ಗ್ಯಾಸ್ ಎಳೆದಾಗ ಒಂದೇ ರೆಗ್ಯುಲೇಟರಿನಿಂದ ಬರುವ ಒತ್ತಡ ಕುಸಿಯುತ್ತದೆ. ನಲ್ಲಿ ನಿಲ್ಲಿಸಿದಾಗ ಒತ್ತಡ ಮರಳುತ್ತದೆ, ಆದರೆ ನಂದಿದ ಒಲೆ ತಾನಾಗಿ ಹೊತ್ತಿಕೊಳ್ಳುವುದಿಲ್ಲ. ಅದರ ತಿರುಪು ತೆರೆದೇ ಇರುವುದರಿಂದ ಗ್ಯಾಸ್ ಅಡುಗೆಮನೆಗೆ ಹರಿಯುತ್ತಲೇ ಇರುತ್ತದೆ. ಗೀಸರಿನಲ್ಲಿ ಉರಿ ಆರಿದರೆ ಗ್ಯಾಸ್ ನಿಲ್ಲಿಸುವ ಸಾಧನವಿದೆ, ನಮ್ಮ ಸಾಮಾನ್ಯ ಒಲೆಗಳಲ್ಲಿ ಅದಿಲ್ಲ. ಹಾಕಿಕೊಟ್ಟವರು ‘ಎಲ್ಲರ ಮನೆಯಲ್ಲೂ ಹೀಗೇ ಇದೆ ಸಾರ್’ ಎಂದರು. ಅವರು ಹೇಳಿದ್ದು ನಿಜವೇ. ಆ ವಾರವೇ ಅದನ್ನು ತೆಗೆಸಿದೆವು.

ಒಂದೇ ಸಿಲಿಂಡರಿನಿಂದ ಎರಡಕ್ಕೂ ಕೊಡಲೇಬೇಕಾದರೆ ಕವಲು ಒಡೆಯುವುದು ಲೋಹದ ಕೊಳವೆಯಲ್ಲಿ ಆಗಬೇಕು, ಪ್ರತಿ ಕವಲಿಗೂ ತನ್ನದೇ ಆದ ವಾಲ್ವ್ ಇರಬೇಕು, ರೆಗ್ಯುಲೇಟರಿನ ಮೇಲೆ ಬರೆದಿರುವ ಸಾಮರ್ಥ್ಯ ಗೀಸರಿನ ಮತ್ತು ಒಲೆಯ ಫಲಕಗಳಲ್ಲಿ ಬರೆದಿರುವ ಬಳಕೆಯ ಒಟ್ಟು ಮೊತ್ತಕ್ಕಿಂತ ಹೆಚ್ಚಿರಬೇಕು. ಈ ಕೂಡಿಸುವ ಲೆಕ್ಕವನ್ನು ಪ್ಲಂಬರಿಗೆ ಬಿಡದೆ ಮನೆಯವರೇ ಮಾಡಿ ನೋಡುವುದು ಒಳ್ಳೆಯದು.

ತಾಮ್ರದ ಕೊಳವೆ, ಜಿಐ ಕೊಳವೆ

ಸಿಲಿಂಡರ್ ಅಡುಗೆಮನೆಯ ಪಕ್ಕದ ಯುಟಿಲಿಟಿಯಲ್ಲಿದ್ದು, ಗೀಸರ್ ಮನೆಯ ಇನ್ನೊಂದು ಮಗ್ಗುಲಿಗೆ ಬೇಕಾದಾಗ ಸ್ಥಿರವಾದ ಲೋಹದ ಕೊಳವೆ ಒಂದೇ ಸರಿಯಾದ ದಾರಿ. ಸ್ವಂತ ಮನೆ ಕಟ್ಟಿಸುತ್ತಿರುವವರು ಗಾರೆ ಬಳಿಯುವ ಮುನ್ನವೇ ಇದನ್ನು ಯೋಚಿಸಿದರೆ ಅರ್ಧ ಖರ್ಚು ಉಳಿಯುತ್ತದೆ.

ತಾಮ್ರ ಬಾಗುತ್ತದೆ, ಒಂದು ಸುರುಳಿಯಿಂದ ಎಳೆದು, ಮೂಲೆಗಳಲ್ಲಿ ಬಾಗಿಸಿ, ಕೀಲೇ ಇಲ್ಲದೆ ಹತ್ತು ಮೀಟರ್ ಒಯ್ಯಬಹುದು. ಕೀಲು ಬೇಕಾದಲ್ಲಿ ಬ್ರೇಜಿಂಗ್ (ಹೆಚ್ಚಿನ ಬಿಸಿಯಲ್ಲಿ ಮಾಡುವ ಗಟ್ಟಿ ಬೆಸುಗೆ) ಮಾಡಬೇಕು ಅಥವಾ ತುದಿಯನ್ನು ಅಗಲಿಸಿ ಹಿತ್ತಾಳೆಯ ನಟ್ಟಿನಿಂದ ಬಿಗಿಯಬೇಕು. ತವರದ ಮೆದು ಬೆಸುಗೆ ಬೆಂಕಿ ಬಿದ್ದಾಗ ಕರಗುವುದರಿಂದ ಗ್ಯಾಸಿಗೆ ಸಲ್ಲದು. ತಾಮ್ರದ ದೌರ್ಬಲ್ಯ ಅದರ ಮೆದುತನವೇ. ಗೋಡೆಯೊಳಗೆ ಹುದುಗಿಸಿದರೆ, ಮುಂದೊಂದು ದಿನ ಕನ್ನಡಿ ತೂಗುಹಾಕಲು ಡ್ರಿಲ್ ಹಿಡಿದವರಿಗೆ ಅದು ಅಲ್ಲಿದೆಯೆಂದು ತಿಳಿಯುವುದಿಲ್ಲ.

ಜಿಐ, ಅಂದರೆ ಸತುವಿನ ಲೇಪವಿರುವ ಕಬ್ಬಿಣದ ಕೊಳವೆ, ಪೆಟ್ಟನ್ನೂ ಡ್ರಿಲ್ಲನ್ನೂ ತಡೆಯುತ್ತದೆ. ಆದರೆ ಅದಕ್ಕೆ ಪ್ರತಿ ತಿರುವಿನಲ್ಲಿ ಒಂದು ಎಲ್ಬೋ, ಪ್ರತಿ ಎಲ್ಬೋಗೆ ಎರಡು ಮರೆ (ತಿರುಗಿಸಿ ಬಿಗಿಯುವ ತಿರುಪಿನ ಗೆರೆಗಳು), ಪ್ರತಿ ಮರೆಯೂ ಸೋರಬಹುದಾದ ಕೀಲು. ಕರಾವಳಿಯ ಉಪ್ಪುಗಾಳಿಯಲ್ಲಿ ಮರೆಗಳು ಬಹುಬೇಗ ತುಕ್ಕು ಹಿಡಿಯುತ್ತವೆ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ತಾಮ್ರವನ್ನೇ ಆರಿಸಿಕೊಳ್ಳುವುದು ಮೇಲು ಎನ್ನುವುದು ನನ್ನ ಎಣಿಕೆ. ಮರೆಗಳಿಗೆ ಗ್ಯಾಸಿಗೆಂದೇ ತಯಾರಾದ ಅಂಟು ಅಥವಾ ಟೇಪ್ ಬೇಕು, ನೀರಿನ ನಲ್ಲಿಗೆ ಸುತ್ತುವ ತೆಳು ಟೇಪ್ ಸಾಲದು. ನೀರಿಗೆ ಬಳಸುವ ಪಿವಿಸಿ, ಸಿಪಿವಿಸಿ ಕೊಳವೆಗಳ ಮಾತೇ ಬೇಡ.

ಕೊಳವೆಯ ಒಳವ್ಯಾಸದ ಬಗ್ಗೆ ಜಿಪುಣತನ ಮಾಡಬಾರದು. ಗಂಟೆಗೆ ಒಂದು ಕಿಲೋ ಗ್ಯಾಸ್ ಎಂಟು ಮಿಲಿಮೀಟರ್ ಒಳವ್ಯಾಸದ ಕೊಳವೆಯಲ್ಲಿ ಹತ್ತು ಮೀಟರ್ ಹೋಗುವಷ್ಟರಲ್ಲಿ 30 ಮಿಲಿಬಾರಿನಲ್ಲಿ ಸುಮಾರು ಹತ್ತನೆಯ ಒಂದು ಭಾಗ ಕಳೆದುಹೋಗುತ್ತದೆ; ಅದೇ ದೂರಕ್ಕೆ ಅರ್ಧ ಇಂಚಿನ ಕೊಳವೆಯಲ್ಲಿ ನಷ್ಟ ನೂರಕ್ಕೆ ಒಂದರಷ್ಟು. ಕೊಳವೆ ಗೋಡೆಯ ಮೇಲೆಯೇ ಕಾಣುವಂತೆ ಕ್ಲಾಂಪುಗಳಲ್ಲಿ ಕೂತಿರಲಿ. ಗೋಡೆ ದಾಟುವಲ್ಲಿ ಅದಕ್ಕಿಂತ ದೊಡ್ಡದಾದ ಇನ್ನೊಂದು ಕೊಳವೆಯ ತುಂಡನ್ನು ತೋಳಿನಂತೆ ತೊಡಿಸಿದರೆ ಸಿಮೆಂಟು ತಾಮ್ರವನ್ನು ತಿನ್ನುವುದಿಲ್ಲ. ವಿದ್ಯುತ್ ತಂತಿಗಳ ಕೊಳವೆಗೆ ಒತ್ತಿಕೊಂಡು ಒಯ್ಯಬಾರದು.

ಲೋಹದ ಕೊಳವೆ ಹಾಕಿಸಿದವರು ರಬ್ಬರ್ ಪೈಪಿನ ಕಾಟ ತಪ್ಪಿತೆಂದುಕೊಳ್ಳುತ್ತಾರೆ, ಅದು ತಪ್ಪುವುದಿಲ್ಲ. ಸಿಲಿಂಡರನ್ನು ಬದಲಿಸಬೇಕಾದ್ದರಿಂದ ರೆಗ್ಯುಲೇಟರಿನಿಂದ ಕೊಳವೆಯವರೆಗೆ ಒಂದು ಗಿಡ್ಡ ರಬ್ಬರ್ ಪೈಪು ಇದ್ದೇ ಇರುತ್ತದೆ. ಬಹಳಷ್ಟು ಮನೆಗಳಲ್ಲಿ ಕೊನೆಯಲ್ಲಿ ಗೀಸರಿಗೂ ಒಂದು ಇರುತ್ತದೆ. ಐದು ವರ್ಷದ ಗಡುವು ಎರಡಕ್ಕೂ ಅನ್ವಯಿಸುತ್ತದೆ. ಗೀಸರಿನ ಬಳಿ ಕೈಗೆಟಕುವಂತೆ ಒಂದು ಬಾಲ್ ವಾಲ್ವ್ ಇರಲಿ. ದುರಸ್ತಿಗೆ ಬಂದವರು ಅಡುಗೆಮನೆಗೆ ಓಡದೆ ಗ್ಯಾಸ್ ನಿಲ್ಲಿಸಲು ಸಾಧ್ಯವಾಗಬೇಕು.

ಬೀದಿಯಿಂದ ಬರುವ ಅನಿಲ

ದಾಭೋಳದಿಂದ ಬೆಂಗಳೂರಿಗೆ ನೈಸರ್ಗಿಕ ಅನಿಲದ ಕೊಳವೆಮಾರ್ಗ 2013ರಲ್ಲಿ ಬಂತು. ಕೊಚ್ಚಿಯಿಂದ ಮಂಗಳೂರಿಗೆ ಬಂದ ಮಾರ್ಗ 2021ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಬೆಂಗಳೂರಿನಲ್ಲಿ ಗೇಲ್ ಗ್ಯಾಸ್ ಸಂಸ್ಥೆ ಬಡಾವಣೆಯಿಂದ ಬಡಾವಣೆಗೆ ಮನೆಗಳಿಗೆ ಸಂಪರ್ಕ ಕೊಡುತ್ತಿದೆ. ರಾಜ್ಯದ ಇತರ ನಗರಗಳಲ್ಲಿಯೂ ಇಂಥ ಜಾಲಗಳು ಹರಡುತ್ತಿವೆ. ಪಿಎನ್‌ಜಿ ಎಂದು ಕರೆಯುವ ಈ ಅನಿಲ ಬಹುಪಾಲು ಮೀಥೇನ್. ಅದು ಗಾಳಿಗಿಂತ ಹಗುರ, ಸೋರಿದರೆ ಮೇಲಕ್ಕೇರಿ ತೆರೆದ ಗವಾಕ್ಷಿಯಿಂದ ಹೊರಗೆ ಹೋಗುತ್ತದೆ. ಮನೆಯಲ್ಲಿ ಸಿಲಿಂಡರ್ ಇಲ್ಲ, ಅದನ್ನು ಬಿಚ್ಚಿ ಜೋಡಿಸುವುದಿಲ್ಲ, ತಲೆಗೆ ಸೋಪು ಹಚ್ಚಿಕೊಂಡಿರುವಾಗ ಗ್ಯಾಸ್ ಮುಗಿಯುವುದಿಲ್ಲ. ಸಂಪರ್ಕದ ದೃಷ್ಟಿಯಿಂದ ಇರುವ ಆಯ್ಕೆಗಳಲ್ಲಿ ಇದನ್ನೇ ನಾನು ಮೊದಲ ಸ್ಥಾನದಲ್ಲಿಡುತ್ತೇನೆ, ಆದರೆ ಮೂರು ಷರತ್ತುಗಳಿವೆ.

ಮೊದಲನೆಯದು ಜೆಟ್ಟಿನ, ಅಂದರೆ ಬರ್ನರಿಗೆ ಗ್ಯಾಸ್ ಬಿಡುವ ಸಣ್ಣ ತೂತಿನ ತುಂಡಿನ ವಿಚಾರ. ಮನೆಗೆ ಬರುವ ಪಿಎನ್‌ಜಿಯ ಒತ್ತಡ ಸುಮಾರು 21 ಮಿಲಿಬಾರ್. ಒಂದು ಘನಮೀಟರಿನಲ್ಲಿರುವ ಶಾಖ ಅಷ್ಟೇ ಗಾತ್ರದ ಎಲ್‌ಪಿಜಿ ಅನಿಲದ ಅರ್ಧಕ್ಕಿಂತ ಕಡಿಮೆ. ಹೀಗಾಗಿ ಪಿಎನ್‌ಜಿ ಗೀಸರಿನ ಜೆಟ್ಟುಗಳ ತೂತು ದೊಡ್ಡದಾಗಿರುತ್ತದೆ. ಎಲ್‌ಪಿಜಿ ಗೀಸರನ್ನು ಹಾಗೆಯೇ ಪಿಎನ್‌ಜಿಗೆ ಜೋಡಿಸಿದರೆ ಉರಿ ಬಡವಾಗುತ್ತದೆ, ನೀರು ಉಗುರುಬೆಚ್ಚಗಾಗುತ್ತದೆ. ಇದರ ತಿರುವುಮುರುವು ಬಹಳ ಅಪಾಯಕರ: ದೊಡ್ಡ ತೂತಿನಿಂದ ಎಲ್‌ಪಿಜಿ ನುಗ್ಗಿ, ಗಾಳಿ ಸಾಲದೆ, ಹಳದಿ ಜ್ವಾಲೆ ಹೊರಗೇ ಬರಬಹುದು. ಒಲೆಯ ಜೆಟ್ಟನ್ನು ಸಂಪರ್ಕ ಕೊಡುವವರು ಬದಲಿಸಿಕೊಡುತ್ತಾರೆ. ಗೀಸರಿನ ಒಳಗಿನ ಕೆಲಸ ಅದಕ್ಕಿಂತ ಸೂಕ್ಷ್ಮ. ಅದನ್ನು ಆ ಗೀಸರಿನ ತಯಾರಕರ ಮೆಕ್ಯಾನಿಕ್ಕೇ ಮಾಡಬೇಕು, ಮಾಡಲಾಗದ ಮಾದರಿಯಾದರೆ ಪಿಎನ್‌ಜಿಗೆಂದೇ ಬಂದ ಹೊಸದನ್ನು ಕೊಳ್ಳಬೇಕು.

ಎರಡನೆಯದು, ಗೀಸರಿನ ಕವಲನ್ನು ಸಂಸ್ಥೆಯಿಂದಲೇ ಹಾಕಿಸಿಕೊಳ್ಳಬೇಕು. ಮೀಟರಿನ ಆಚೆಗಿನ ಕೊಳವೆಯನ್ನು ನಮ್ಮ ಪ್ಲಂಬರಿಂದ ಕೊಯ್ಯಿಸಿ ‘ಟಿ’ ಹಾಕಿಸುವಂತಿಲ್ಲ. ಆರು ಲೀಟರಿನ ಗೀಸರಿಗೆ ಗಂಟೆಗೆ ಒಂದೂಕಾಲು ಘನಮೀಟರಿನಷ್ಟು ಅನಿಲ ಬೇಕಾಗುತ್ತದೆ. ಮನೆಯ ಸಾಮಾನ್ಯ ಮೀಟರು 2.5 ಘನಮೀಟರಿನವರೆಗೆ ತಾಳುವುದರಿಂದ ಒಲೆಯೂ ಗೀಸರೂ ಒಟ್ಟಿಗೆ ನಡೆಯುತ್ತವೆ. ಎರಡು ಬಚ್ಚಲಿಗೆ ಎರಡು ಗೀಸರ್ ಬೇಕೆನ್ನುವವರು ಅರ್ಜಿಯಲ್ಲಿ ಅದನ್ನು ಮೊದಲೇ ಹೇಳಬೇಕು.

ಮೂರನೆಯದೇ ಮುಖ್ಯ. ಪಿಎನ್‌ಜಿ ಹಗುರವೆಂದು ಸಮಾಧಾನಪಟ್ಟು ಗೀಸರನ್ನು ಬಚ್ಚಲೊಳಗೆ ತೂಗುಹಾಕುವವರಿದ್ದಾರೆ. ಸೋರುವ ಅನಿಲದ ಸ್ವಭಾವ ಬೇರೆಯಾದರೂ ಉರಿಯುವಾಗ ಅದೂ ಕೋಣೆಯ ಗಾಳಿಯನ್ನೇ ತಿನ್ನುತ್ತದೆ, ಗಾಳಿ ಸಾಲದಾದಾಗ ಅದೇ ಕಾರ್ಬನ್ ಮಾನಾಕ್ಸೈಡನ್ನೇ ಕಾರುತ್ತದೆ.

ಕೆಲವು ಅಪಾರ್ಟ್‌ಮೆಂಟುಗಳಲ್ಲಿ ಕಾಂಪೌಂಡಿನ ಮೂಲೆಯಲ್ಲಿ ಹಲವು ಸಿಲಿಂಡರುಗಳನ್ನು ಒಟ್ಟಿಗೆ ಜೋಡಿಸಿಟ್ಟ ಗ್ಯಾಸ್ ಬ್ಯಾಂಕಿನಿಂದ ಎಲ್‌ಪಿಜಿಯೇ ಕೊಳವೆಯಲ್ಲಿ ಬರುತ್ತದೆ. ಕೊಳವೆಯಲ್ಲಿ ಬಂದದ್ದೆಲ್ಲ ಪಿಎನ್‌ಜಿ ಅಲ್ಲ. ಜೆಟ್ಟು ಬದಲಿಸುವ ಮುನ್ನ ಅಸೋಸಿಯೇಷನ್ನಿನಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು.

ಯಾರಿಗೆ ಯಾವುದು

ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಬಚ್ಚಲ ಹಿಂದಿನ ಡಕ್ಟಿನೊಳಗೆ (ಗಾಳಿಗೂ ಪೈಪುಗಳಿಗೂ ಬಿಟ್ಟ, ಮೇಲಿನವರೆಗೆ ಹೋಗುವ ಕಿಂಡಿ) ಗೀಸರ್ ಕೂರಿಸುವ ರೂಢಿಯಿದೆ. ಡಕ್ಟು ಮೇಲೆ ತೆರೆದಿದ್ದು ಮೂರು ನಾಲ್ಕು ಅಡಿ ಅಗಲವಿದ್ದರೆ ಸರಿ. ಕಿರಿದಾಗಿದ್ದು ಮೇಲೆ ಶೀಟು ಮುಚ್ಚಿದ್ದರೆ, ಒಂದನೆಯ ಮಹಡಿಯ ಹೊಗೆ ಎರಡನೆಯ ಮಹಡಿಯವರ ಗವಾಕ್ಷಿಯೊಳಗೆ ಹೋಗುತ್ತದೆ. ಅವರ ಎಕ್ಸಾಸ್ಟ್ ಫ್ಯಾನ್ ನಿಂತಿದ್ದಾಗಲಂತೂ ತಡೆಯೇ ಇಲ್ಲ. ಅಂಥಲ್ಲಿ ಹೊಗೆಯನ್ನು ಕೊಳವೆಯಲ್ಲಿ ಮಾಡಿನವರೆಗೆ ಒಯ್ಯುವ ಮಾದರಿ ಬೇಕು, ಇಲ್ಲವಾದರೆ ಗ್ಯಾಸ್ ಬೇಡ.

ಸ್ವಂತ ಮನೆ, ಹೊರಗೆ ಯುಟಿಲಿಟಿ, ಬೀದಿಯಲ್ಲಿ ಪಿಎನ್‌ಜಿ ಇದ್ದರೆ ಅದನ್ನೇ ತೆಗೆದುಕೊಳ್ಳಿ. ಪಿಎನ್‌ಜಿ ಇಲ್ಲದೆ ಜಾಗವಿದ್ದರೆ ಗೀಸರಿನ ಪಕ್ಕಕ್ಕೇ ಬೇರೆ ಸಿಲಿಂಡರ್. ಸಿಲಿಂಡರ್ ದೂರವಿದ್ದರೆ ತಾಮ್ರ. ಮಲೆನಾಡಿನಲ್ಲಿ ಸೌದೆ ಹಂಡೆ ಇನ್ನೂ ನಡೆಯುತ್ತಿರುವ ಮನೆಗಳಿಗೆ ಗ್ಯಾಸ್ ಗೀಸರು ಮಳೆಗಾಲದ ಅನುಕೂಲವಷ್ಟೆ, ಅದಕ್ಕೆಂದು ಹತ್ತು ಮೀಟರ್ ತಾಮ್ರ ಎಳೆಸುವುದು ಹೆಚ್ಚಾಯಿತೇನೋ. ಗೀಸರಿಗೆ ಬಚ್ಚಲು ಬಿಟ್ಟು ಬೇರೆ ಜಾಗವೇ ಇಲ್ಲದ ಬಾಡಿಗೆ ಮನೆಯಲ್ಲಿ ವಿದ್ಯುತ್ ಗೀಸರೇ ಸರಿ. ಖರ್ಚಿನ ಹೋಲಿಕೆ ಹೀಗಿದೆ: 20 ಲೀಟರಿನ ಒಂದು ಬಕೆಟ್ ನೀರನ್ನು 25 ಡಿಗ್ರಿ ಏರಿಸಲು ಎಲ್‌ಪಿಜಿ ಸುಮಾರು 57 ಗ್ರಾಂ, ಪಿಎನ್‌ಜಿ ಒಂದು ಘನಮೀಟರಿನ ನೂರಕ್ಕೆ ಏಳು ಭಾಗ, ವಿದ್ಯುತ್ 0.6 ಯೂನಿಟ್ ಬೇಕು. ಒಂದು ಸಿಲಿಂಡರಿಗೆ 250 ಬಕೆಟ್ ಎಂದಾಯಿತು. ನಿಮ್ಮ ಊರಿನ ಇಂದಿನ ದರಗಳಿಂದ ಗುಣಿಸಿದರೆ ಉತ್ತರ ಸಿಗುತ್ತದೆ.

ಜೋಡಿಸಿದ ದಿನ, ಅನಂತರದ ದಿನಗಳು

ಗೀಸರಿನ ಮೇಲೆ ಐಎಸ್ 15558 ಗುರುತು ಇದೆಯೇ ಎಂದು ನೋಡಿ. ಮೊದಲ ಬಾರಿ ಹೊತ್ತಿಸುವ ಮುನ್ನ ಗ್ಯಾಸ್ ತೆರೆದು, ಪ್ರತಿ ಕೀಲಿಗೂ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ಎರಡು ನಿಮಿಷ ಕಾಯಬೇಕು. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವವರನ್ನು ಕೆಲಸದಿಂದ ಅಲ್ಲಿಯೇ ನಿಲ್ಲಿಸಿ. ಉರಿ ಸ್ಥಿರವಾಗಿ ನೀಲಿಯಾಗಿರಬೇಕು. ಕೆಲವು ತಿಂಗಳ ನಂತರ ಉರಿಯ ತುದಿ ಹಳದಿಯಾದರೆ, ಗೀಸರಿನ ಮೇಲ್ಭಾಗದಲ್ಲಿ ಮಸಿ ಕಂಡರೆ, ಕಣ್ಣುರಿ ಬಂದರೆ, ಬರ್ನರಿನೊಳಗೆ ದೂಳೋ ಜೇಡರ ಬಲೆಯೋ ಸೇರಿದೆಯೆಂದು ತಿಳಿದು ಸ್ವಚ್ಛ ಮಾಡಿಸುವವರೆಗೆ ಬಳಸಬಾರದು. ತೊಂದರೆ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡಿಸುವುದು ಅಗತ್ಯ.

ಗ್ಯಾಸ್ ಸೋರಿಕೆಯ ಅಲಾರಂ ಬೇರೆ, ಕಾರ್ಬನ್ ಮಾನಾಕ್ಸೈಡಿನ ಅಲಾರಂ ಬೇರೆ. ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ. ಸೋರಿಕೆಯ ಅಲಾರಂ ಎಲ್‌ಪಿಜಿಗಾದರೆ ನೆಲದ ಸಮೀಪ, ಪಿಎನ್‌ಜಿಗಾದರೆ ಛಾವಣಿಯ ಸಮೀಪ ಇರಬೇಕು. ವಾಸನೆ ಬಂದರೆ ಸಿಲಿಂಡರನ್ನೋ ಮೀಟರಿನ ವಾಲ್ವನ್ನೋ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಯಾವ ಸ್ವಿಚ್ಚನ್ನೂ ಹಾಕದೆ ಆರಿಸದೆ ಹೊರಗೆ ಬನ್ನಿ. ಎಲ್‌ಪಿಜಿಯಾದರೆ 1906ಕ್ಕೆ ಫೋನ್ ಮಾಡುವುದು ಹೊರಗೆ ಬಂದ ಮೇಲೆ. ಸ್ನಾನಕ್ಕೆ ಹೋದವರಿಗೆ ತಲೆಸುತ್ತು ಬಂದರೆ ಮೊದಲು ತೆರೆದ ಗಾಳಿಗೆ ಕರೆತಂದು ಕೂಡಲೇ ಆಸ್ಪತ್ರೆಗೆ ಒಯ್ಯಿರಿ, ಗ್ಯಾಸ್ ಗೀಸರ್ ಉರಿಯುತ್ತಿತ್ತೆಂದು ವೈದ್ಯರಿಗೆ ಹೇಳಿ. ಕೋವಿಡ್ ಕಾಲದಲ್ಲಿ ಕೊಂಡ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಇಲ್ಲಿ ನಂಬಬಾರದು. ಕಾರ್ಬನ್ ಮಾನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ನನ್ನೂ ಅದು ಆಮ್ಲಜನಕವೆಂದೇ ಎಣಿಸಿ ತೊಂಬತ್ತೆಂಟು ತೋರಿಸಬಲ್ಲದು.

ಮನೆ ಬದಲಿಸುವಾಗ ಗೀಸರನ್ನು ಬಿಚ್ಚಿ ಒಯ್ಯುವವರು ಹಳೆಯ ರಬ್ಬರ್ ಪೈಪನ್ನು ಅಲ್ಲೇ ಬಿಡಲಿ. ಒಮ್ಮೆ ಕಿತ್ತ ಪೈಪಿನ ಬಾಯಿ ಸಡಿಲವಾಗಿರುತ್ತದೆ. ಹೊಸ ಮನೆಯ ಅನಿಲ ಯಾವುದು, ಗೀಸರಿನ ಪಕ್ಕದ ಫಲಕದಲ್ಲಿ ಬರೆದಿರುವುದು ಯಾವುದು, ಎರಡನ್ನೂ ಓದಿ ನೋಡಿದ ಮೇಲೆ ಪ್ಲಂಬರಿಗೆ ಫೋನ್ ಮಾಡಬಹುದು.